ಎಳೆದಿಟ್ಟ ಕಾಲಮ್ ಮರುದಿನವೂ ಅಲ್ಲೇ ಇರಲಿ ಅಂತ

ಶಿರಸಿ ಕಡೆಯ ಒಂದು ಅಡಿಕೆ ಮಂಡಿಗೆ ಲೆಕ್ಕದ ವೆಬ್ ಪುಟಗಳನ್ನು ಮಾಡಿಕೊಟ್ಟವನು ನಾನು. ಖರೀದಿ ಪುಟದಲ್ಲಿ ಹತ್ತು ಕಾಲಮ್: ದಿನಾಂಕ, ಲಾಟ್, ರೈತರ ಹೆಸರು, ಊರು, ಜಾತಿ, ಚೀಲ, ತೂಕ, ದರ, ಹಮಾಲಿ, ಒಟ್ಟು. ಜಾತಿ ಅಂದರೆ ರಾಶಿ, ಚಾಲಿ, ಬೆಟ್ಟೆ ಇತ್ಯಾದಿ. ಲೆಕ್ಕ ನೋಡುವ ಅಕ್ಕನಿಗೆ ಈ ಕ್ರಮ ಹಿಡಿಸಲಿಲ್ಲ. ರೈತರು ಫೋನ್ ಮಾಡಿ ಕೇಳುವುದು ತೂಕ ಮತ್ತು ದರ. ಅವೆರಡೂ ಹೆಸರಿನ ಪಕ್ಕದಲ್ಲೇ ಇದ್ದರೆ ಕಣ್ಣು ಓಡಾಡಬೇಕಾಗಿಲ್ಲ, ಅಲ್ವಾ? ಗೋದಾಮಿನವರಿಗೆ ಮಾತ್ರ ಲಾಟ್ ಮತ್ತು ಚೀಲ ಮುಂದಿರಬೇಕು.

ಹಾಗಾಗಿ ತಲೆಬರಹವನ್ನು ಮೌಸಿನಿಂದ ಎಳೆದು ಬೇಕಾದಲ್ಲಿ ಬಿಡುವ ಸೌಲಭ್ಯ ಕೊಟ್ಟೆ. ಇದು ಕಷ್ಟದ ಕೆಲಸವಲ್ಲ. ಪ್ರತಿ ಸಾಲಿನ ಕೋಶಗಳನ್ನು ಹೊಸ ಕ್ರಮದಲ್ಲಿ ಒಂದೊಂದಾಗಿ ಅದೇ ಸಾಲಿಗೆ ಅಪೆಂಡ್ ಮಾಡುತ್ತಾ ಹೋದರೆ ಸಾಕು. ಅಪೆಂಡ್ ಅನ್ನುವುದು ನಕಲು ಮಾಡುವುದಿಲ್ಲ, ಇದ್ದ ಕೋಶವನ್ನೇ ಎತ್ತಿ ಕೊನೆಗೆ ಇಡುತ್ತದೆ. ಕೆಳಗಿನ ಮೊತ್ತದ ಸಾಲಿನಲ್ಲಿ ಆರು ಕೋಶಗಳನ್ನು ಕೋಲ್‌ಸ್ಪ್ಯಾನ್‌ನಿಂದ ಸೇರಿಸಿದ್ದೆ, ಅದನ್ನು ಬಿಡಿಸಿ ಹತ್ತು ಕೋಶ ಮಾಡಬೇಕಾಯಿತು. ಅಷ್ಟೇ.

ಕಷ್ಟ ಶುರುವಾಗಿದ್ದು ಮರುದಿನ ಬೆಳಿಗ್ಗೆ. ಪುಟ ತೆರೆದರೆ ಕಾಲಮ್‌ಗಳು ಹಳೆಯ ಜಾಗಕ್ಕೆ ಹೋಗಿದ್ದವು. ದಿನಾ ಬಂದು ಮತ್ತೆ ಎಳೆಯುವುದಾದರೆ ಈ ಸೌಲಭ್ಯ ಯಾಕೆ ಬೇಕು? ಕುಕಿಯಲ್ಲಿ, ಅಂದರೆ ಪುಟಕ್ಕಾಗಿ ಬ್ರೌಸರ್ ಇಟ್ಟುಕೊಳ್ಳುವ ಸಣ್ಣ ನೆನಪಿನ ಚೀಟಿಯಲ್ಲಿ, ಬರೆದಿಡೋಣ ಅಂದುಕೊಂಡೆ.

ಮೊದಲ ಸಲ ಕಾಲಮ್‌ಗಳ ನಂಬರನ್ನೇ ಬರೆದಿಟ್ಟೆ. ಅಕ್ಕನ ಕುಕಿ 3, 7, 8 ಅಂತ ಶುರುವಾಗುತ್ತಿತ್ತು: ಹೆಸರು, ತೂಕ, ದರ. ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಮಂಡಿಯವರು ಗೇಟ್ ಪಾಸ್ ನಂಬರ್ ಬೇಕು ಅಂದರು. ಅದನ್ನು ಜಾತಿ ಆದಮೇಲೆ ಆರನೆಯ ಕಾಲಮ್ ಆಗಿ ಸೇರಿಸಿದೆ. ಅಲ್ಲಿಗೆ ಚೀಲ ಏಳನೆಯದಾಯಿತು, ತೂಕ ಎಂಟನೆಯದಾಯಿತು. ಕುಕಿಗೆ ಇದೇನು ಗೊತ್ತು? ಅದು 3, 7, 8 ಅಂತಲೇ ಹೇಳಿತು. ಹೆಸರಿನ ಪಕ್ಕ ತೂಕ ಇದ್ದ ಜಾಗದಲ್ಲಿ ಚೀಲ ಬಂದು ಕೂತಿತು.

ತಲೆಬರಹ ಸರಿಯಾಗಿಯೇ ಇತ್ತು. ಆದರೆ ದಿನಕ್ಕೆ ನೂರು ಸಲ ನೋಡುವವರು ತಲೆಬರಹ ಓದುವುದಿಲ್ಲ, ಜಾಗ ನೋಡುತ್ತಾರೆ. ಒಬ್ಬ ರೈತರಿಗೆ ಅಕ್ಕ ಫೋನಿನಲ್ಲಿ "ಹತ್ತೊಂಬತ್ತು ಕ್ವಿಂಟಾಲ್" ಅಂದುಬಿಟ್ಟರು. ನಿಜವಾದ ತೂಕ 12.40 ಕ್ವಿಂಟಾಲ್, ಹತ್ತೊಂಬತ್ತು ಅನ್ನುವುದು ಚೀಲದ ಲೆಕ್ಕ. ಸಂಜೆ ಆ ರೈತರು ಮಂಡಿಗೆ ಬಂದು ನಿಂತಾಗ ಅಕ್ಕ ತಪ್ಪು ತನ್ನದೇ ಅಂತ ಒಪ್ಪಿಕೊಂಡರು. ತಪ್ಪು ನನ್ನದಾಗಿತ್ತು. ಕಾಲಮ್ ಜೋಡಿಸಿಕೊಳ್ಳುವುದು ಬರೀ ಅಂದಕ್ಕಲ್ಲ, ಅದು ಕೆಲಸ ಮಾಡುವವರ ಕಣ್ಣಿನ ಅಭ್ಯಾಸ ಅಂತ ನನಗೆ ಅವತ್ತು ಅರ್ಥವಾಯಿತು.

ನಂಬರ್ ಬಿಟ್ಟು ಹೆಸರು ಬರೆದಿಡಲು ಶುರು ಮಾಡಿದೆ. ತಲೆಬರಹಗಳು ಕನ್ನಡದಲ್ಲೇ ಇದ್ದವು, ಅವನ್ನೇ ತೆಗೆದುಕೊಂಡೆ. ಕುಕಿಯ ಒಳಗೆ ಕನ್ನಡ ಅಕ್ಷರವನ್ನು ಹಾಗೇ ಇಡಲು ಹೋಗಬಾರದು, ಎನ್‌ಕೋಡ್ ಮಾಡಿಯೇ, ಅಂದರೆ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಬದಲಿಸಿಯೇ ಇಡಬೇಕು. ಇಟ್ಟೆ. ಖರೀದಿ, ಮಾರಾಟ, ದಾಸ್ತಾನು ಅಂತ ಒಟ್ಟು ಆರು ಪುಟಗಳ ಕ್ರಮವನ್ನು ಒಂದೇ ಕುಕಿಗೆ ತುಂಬಿದೆ. ಐದು ಪುಟ ಸರಿಯಾಗಿ ನೆನಪಿರುತ್ತಿತ್ತು. ಆರನೆಯದು ಏನು ಮಾಡಿದರೂ ಇಲ್ಲ. ಎರರ್ ಕೂಡ ಇಲ್ಲ.

ಎರಡು ರಾತ್ರಿ ಕೂತ ಮೇಲೆ ಸುಮ್ನೆ ಉದ್ದ ಎಣಿಸಿ ನೋಡಿದೆ. "ದಿನಾಂಕ" ಅನ್ನುವ ಪದ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಗುಣಿತ, ಸೊನ್ನೆ ಎಲ್ಲ ಬೇರೆಬೇರೆ, ಆರು ತುಂಡು. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ತುಂಡಿಗೆ 3 ಬೈಟ್. ಎನ್‌ಕೋಡ್ ಮಾಡಿದಾಗ ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಆರು ಸಲ ಒಂಬತ್ತು, 54. "ರೈತರ ಹೆಸರು" ಅಂತ ಬರೆಯಲು 84. ಒಂದು ಪುಟಕ್ಕೆ 700ರ ಹತ್ತಿರ, ಆರು ಪುಟಕ್ಕೆ 4200. ಒಂದು ಕುಕಿಗೆ ಬ್ರೌಸರ್ ಕೊಡುವ ಜಾಗ 4096 ಬೈಟ್. ಅದಕ್ಕಿಂತ ಜಾಸ್ತಿ ಆದರೆ ಬ್ರೌಸರ್ ಹೊಸದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಹಳೆಯ ಕುಕಿ ಹಾಗೇ ಉಳಿಯುತ್ತದೆ. ಅದಕ್ಕೇ ಎರರ್ ಇರಲಿಲ್ಲ.

ಮೂರನೆಯ ಸಲ ಪ್ರತಿ ಕಾಲಮಿಗೂ ಇಂಗ್ಲಿಷಿನ ಒಂದೊಂದು ಅಕ್ಷರ ಗುರುತಾಗಿ ಕೊಟ್ಟೆ, ಪುಟಕ್ಕೊಂದು ಕುಕಿ ಮಾಡಿದೆ. ಹನ್ನೊಂದು ಅಕ್ಷರ, ನಡುವೆ ಹತ್ತು ಚುಕ್ಕಿ, 21 ಬೈಟ್. ತಲೆಬರಹದ ಮಾತು ಬದಲಾದರೂ ಗುರುತು ಬದಲಾಗುವುದಿಲ್ಲ. ಓದುವಾಗ ಎರಡು ನಿಯಮ ಇಟ್ಟೆ. ಕುಕಿಯಲ್ಲಿದ್ದು ಪುಟದಲ್ಲಿ ಇಲ್ಲದ ಗುರುತನ್ನು ಬಿಡು. ಪುಟದಲ್ಲಿದ್ದು ಕುಕಿಯಲ್ಲಿ ಇಲ್ಲದ ಕಾಲಮನ್ನು ಕೊನೆಗೆ ಹಾಕು. ಹೊಸ ಕಾಲಮ್ ಬಂದರೆ ಬಲತುದಿಯಲ್ಲಿ ಕಾಣುತ್ತದೆ, ಯಾರ ಜೋಡಣೆಯೂ ಕೆಡುವುದಿಲ್ಲ.

ಇಷ್ಟಕ್ಕೆಲ್ಲ ಕುಕಿ ಯಾಕೆ, ಬ್ರೌಸರಿನಲ್ಲೇ ಬರೆದಿಡುವ ಲೋಕಲ್ ಸ್ಟೋರೇಜ್ ಇದೆಯಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಅಲ್ಲಿ ಜಾಗವೂ ಜಾಸ್ತಿ, ನಿಜ. ನಾನೂ ಮಾಡಿ ನೋಡಿದೆ. ಸೀಸನ್ನಿನಲ್ಲಿ ಪುಟಕ್ಕೆ ನಾನೂರು ಸಾಲು ಇರುತ್ತದೆ, ಮಂಡಿಯ ನೆಟ್ ನಿಧಾನ. ಪುಟ ಮೊದಲು ಹಳೆಯ ಕ್ರಮದಲ್ಲಿ ಕಾಣುತ್ತಿತ್ತು, ಸ್ಕ್ರಿಪ್ಟ್ ಓಡಿದ ಮೇಲೆ ಎಲ್ಲ ಕಾಲಮ್‌ಗಳೂ ಒಮ್ಮೆಲೇ ಜಿಗಿದು ಜಾಗ ಬದಲಿಸುತ್ತಿದ್ದವು. ಆ ಒಂದು ಕ್ಷಣದಲ್ಲಿ ಓದಿದವರು ಮತ್ತೆ ತಪ್ಪು ಅಂಕಿ ಓದುತ್ತಾರೆ. ಲೋಕಲ್ ಸ್ಟೋರೇಜ್ ಬ್ರೌಸರಿನಲ್ಲೇ ಉಳಿಯುತ್ತದೆ. ಕುಕಿ ಹಾಗಲ್ಲ, ಪ್ರತಿ ಕೋರಿಕೆಯ ಜೊತೆ ಸರ್ವರಿಗೆ, ಅಂದರೆ ಪುಟ ಕಳಿಸುವ ಕಂಪ್ಯೂಟರಿಗೆ, ಹೋಗುತ್ತದೆ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ಕುಕಿಯನ್ನು ಮಾಡಿದ್ದೂ ಕೊಳ್ಳುವವರ ಬುಟ್ಟಿಯಲ್ಲಿ ಏನಿದೆ ಅಂತ ನೆನಪಿಡುವ ಇಂಥದ್ದೇ ಕೆಲಸಕ್ಕೆ. ಸರ್ವರಿನಲ್ಲಿ ಓಡುವ ನನ್ನ ಪಿಎಚ್‌ಪಿ ಕೋಡ್ ಕುಕಿ ನೋಡಿ, ಟೇಬಲನ್ನು ಮೊದಲ ಸಲವೇ ಸರಿಯಾದ ಕ್ರಮದಲ್ಲಿ ಬರೆದು ಕಳಿಸುತ್ತದೆ. ಜಿಗಿತ ನಿಂತಿತು. ಈ ಕೆಲಸಕ್ಕೆ ಕುಕಿಯೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದೊಂದೇ ಕಾರಣಕ್ಕೆ.

ಆದರೆ ಕುಕಿಯಲ್ಲಿ ಬಂದದ್ದನ್ನು ನಂಬಬೇಡಿ. ಅದನ್ನು ಯಾರು ಬೇಕಾದರೂ ತಿದ್ದಬಹುದು. ಡೇಟಾಬೇಸಿನ ಪ್ರಶ್ನೆಯೊಳಗೆ ಅದನ್ನು ನೇರವಾಗಿ ಸೇರಿಸಲೇಬಾರದು. ನನ್ನ ಕೋಡಿನಲ್ಲಿ ಹನ್ನೊಂದು ಗುರುತುಗಳ ಪಟ್ಟಿ ಇದೆ, ಅದರಲ್ಲಿ ಇದ್ದರೆ ಮಾತ್ರ ಒಳಗೆ.

ಪಾತ್, ಅಂದರೆ ಕುಕಿ ಸೈಟಿನ ಯಾವ ಭಾಗಕ್ಕೆ ಸೇರಿದ್ದು ಅನ್ನುವ ವಿಳಾಸ, ಅದರ ವಿಷಯದಲ್ಲೂ ಒಮ್ಮೆ ಪೆಟ್ಟು ತಿಂದೆ. ಪಾತ್ ಕೊಡದೆ ಕುಕಿ ಬರೆದರೆ ಅದು ಆ ಪುಟ ಇರುವ ಫೋಲ್ಡರಿಗೆ ಮಾತ್ರ ಅಂಟಿಕೊಳ್ಳುತ್ತದೆ. ನಾನು ಆಮೇಲೆ ಪಾತನ್ನು ಬರೀ ಸ್ಲ್ಯಾಶ್ ಮಾಡಿದೆ, ಅಂದರೆ ಇಡೀ ಸೈಟಿಗೆ. ಆಗ ಒಂದೇ ಹೆಸರಿನ ಎರಡು ಕುಕಿಗಳಾದವು. ಬ್ರೌಸರ್ ಎರಡನ್ನೂ ಕಳಿಸುತ್ತದೆ, ಉದ್ದ ಪಾತ್ ಇರುವುದು ಮೊದಲು, ಅಂದರೆ ಹಳೆಯದೇ ಮೊದಲು. ಕೋಡ್ ಮೊದಲನೆಯದನ್ನೇ ಓದುತ್ತಿತ್ತು, ಹೊಸದಾಗಿ ಎಳೆದದ್ದು ಉಳಿಯುತ್ತಲೇ ಇರಲಿಲ್ಲ. ಕುಕಿಯ ಹೆಸರನ್ನೇ ಬದಲಿಸಿ ಪಾರಾದೆ.

ಮಾಲೀಕರ ಐಫೋನಿನದ್ದು ಬೇರೆ ಕಥೆ. ಅವರು ಹದಿನೈದು ದಿನಕ್ಕೊಮ್ಮೆ ಪುಟ ನೋಡುವವರು. ಪ್ರತಿ ಸಲವೂ ಜೋಡಣೆ ಮಾಯ. ಪುಟದೊಳಗಿನ ಜಾವಾಸ್ಕ್ರಿಪ್ಟ್ ಬರೆದ ಕುಕಿಗೆ ಐಫೋನಿನ ಬ್ರೌಸರ್ ಸಫಾರಿ ಕೊಡುವ ಆಯಸ್ಸು 7 ದಿನ. ಅದಕ್ಕೆ ಈಗ ಕಾಲಮ್ ಬಿಟ್ಟ ಕೂಡಲೇ ಸರ್ವರಿಗೆ ಒಂದು ಸಣ್ಣ ಕೋರಿಕೆ ಹೋಗುತ್ತದೆ, ಕುಕಿಯನ್ನು ಸರ್ವರೇ ತನ್ನ ಉತ್ತರದಲ್ಲಿ ಬರೆಯುತ್ತದೆ. ಮ್ಯಾಕ್ಸ್-ಏಜ್, ಅಂದರೆ ಕುಕಿಯ ಆಯಸ್ಸು, ಒಂದು ವರ್ಷ ಇಟ್ಟಿದ್ದೇನೆ. ಕ್ರೋಮ್ 400 ದಿನಕ್ಕಿಂತ ಜಾಸ್ತಿ ಹೇಗೂ ಒಪ್ಪುವುದಿಲ್ಲ. ಮ್ಯಾಕ್ಸ್-ಏಜ್ ಕೊಡಲು ಮರೆತರೆ ಬ್ರೌಸರ್ ಮುಚ್ಚಿದಾಗಲೇ ಕುಕಿ ಹೋಗುತ್ತದೆ.

ಗೋದಾಮಿನಲ್ಲಿ ಒಂದೇ ಕಂಪ್ಯೂಟರ್, ಇಬ್ಬರು ಗುಮಾಸ್ತರು. ಒಬ್ಬರು ಜೋಡಿಸಿದ್ದು ಇನ್ನೊಬ್ಬರಿಗೆ ಕಾಣುತ್ತಿತ್ತು. ಕುಕಿಯ ಹೆಸರಿಗೆ ಲಾಗಿನ್ ನಂಬರ್ ಸೇರಿಸಿದ ಮೇಲೆ ಆ ಜಗಳ ಮುಗಿಯಿತು. ಡೇಟಾಬೇಸಿನಲ್ಲೇ ಇಡಬಹುದಿತ್ತಲ್ಲ ಅನ್ನಬಹುದು. ಆದರೆ ಅಕ್ಕನಿಗೆ ಆಫೀಸಿನ ದೊಡ್ಡ ಪರದೆಯಲ್ಲಿ ಬೇಕಾದ ಕ್ರಮವೇ ಬೇರೆ, ಫೋನಿನಲ್ಲಿ ಬೇಕಾದ ಕ್ರಮವೇ ಬೇರೆ. ಯಾವ ಯಂತ್ರದಲ್ಲಿ ಜೋಡಿಸಿದರೋ ಆ ಯಂತ್ರಕ್ಕೇ ಅದು ಉಳಿಯುವುದು ನನಗೆ ಸರಿ ಅನ್ನಿಸಿತು.

ಹೋದ ವಾರ ಅಕ್ಕ ಮತ್ತೊಂದು ಕೇಳಿದರು: "ಹೆಸರಿನ ಕಾಲಮ್ ಸ್ವಲ್ಪ ಅಗಲ ಮಾಡಿಕೊಂಡರೆ ಅದೂ ನೆನಪಿರುತ್ತಾ?" ಒಂದೊಂದು ಗುರುತಿನ ಮುಂದೆ ಅಗಲದ ಮೂರು ಅಂಕಿ ಸೇರಿಸಿದೆ. ಹನ್ನೊಂದು ಕಾಲಮ್‌ಗಳ ಕ್ರಮ, ಅಗಲ ಎಲ್ಲ ಸೇರಿ ಈಗ 54 ಬೈಟ್. ಮೊದಲು "ದಿನಾಂಕ" ಅನ್ನುವ ಒಂದೇ ಪದ ಹಿಡಿದಿದ್ದ ಜಾಗ ಅದು.