ದೇವಿಮನೆ ಘಟ್ಟ ಹತ್ತೋ ಟರ್ಬೊ ಗಾಡಿಗೆ ಟೈಮರ್ ಬೇಕಾ? ನನ್ನ ಅನುಭವ

ಶಿರಸಿ-ಕುಮಟಾ ಮಧ್ಯೆ ವರ್ಷಗಟ್ಟಲೆ ಡೀಸೆಲ್ ಸ್ವಿಫ್ಟ್ ಓಡಿಸ್ತಾ ಬಂದಿದ್ದೀನಿ, ಈಗ ಮನೆಗೆ ವೆನ್ಯೂ ಟರ್ಬೊ ಪೆಟ್ರೋಲ್ ಕೂಡ ಬಂದಿದೆ, ಹಾಗಾಗಿ ಊರಲ್ಲಿ ಯಾರು ಹೊಸ ಗಾಡಿ ತಗೊಂಡ್ರೂ ಟರ್ಬೊ ಟೈಮರ್ ಹಾಕಿಸ್ಬೇಕಾ ಅಂತ ಒಂದು ಮಾತು ಕೇಳೇ ಕೇಳ್ತಾರೆ. ಬೇಡ ಅಂತ್ಲೇ ನಾನು ಹೇಳೋದು. ಆದ್ರೆ ಟರ್ಬೊ ತಣಿಸೋ ಕೆಲಸ ಮಾತ್ರ ಬಿಡಬಾರದು, ಅದನ್ನ ಡಬ್ಬಿಗೆ ವಹಿಸೋ ಬದಲು ನಮ್ಮ ಕಾಲೇ ಮಾಡಬಹುದು, ಹೇಗೆ ಅಂತ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ, ಟರ್ಬೊ ಅಂದ್ರೆ ಇಂಜಿನ್ನಿನ ಹೊಗೆಯ ಬಲದಲ್ಲಿ ತಿರುಗಿ ಇಂಜಿನ್ನಿಗೆ ಜಾಸ್ತಿ ಗಾಳಿ ತಳ್ಳೋ ಭಾಗ, ಟೈಮರ್ ಅಂದ್ರೆ ಕೀ ತೆಗೆದ ಮೇಲೂ ಇಂಜಿನ್ನನ್ನ ಒಂದೆರಡು ನಿಮಿಷ ಓಡಿಸಿ ತಾನೇ ಆಫ್ ಮಾಡೋ ಸಣ್ಣ ಯಂತ್ರ. 80-90ರ ದಶಕದ ಜಪಾನಿನ ಸ್ಪೋರ್ಟ್ಸ್ ಕಾರಿನವರು ಇದನ್ನ ಜಾಸ್ತಿ ಹಾಕಿಸ್ತಿದ್ರು, ಎಚ್‌ಕೆಎಸ್, ಗ್ರೆಡ್ಡಿ ಇವೆಲ್ಲ ಆಗಿನ ಬ್ರ್ಯಾಂಡ್ ಹೆಸರುಗಳು. ಆಗ ಅದಕ್ಕೆ ಕಾರಣಾನೂ ಇತ್ತು. ಟರ್ಬೊದ ಒಂದು ಬದಿಗೆ ಇಂಜಿನ್ನಿನ ಬಿಸಿ ಹೊಗೆ ನೇರ ಹೊಡೆಯತ್ತೆ, ಪೂರ್ತಿ ಲೋಡ್ ಇದ್ದಾಗ ಪೆಟ್ರೋಲಲ್ಲಿ 900-1000 ಡಿಗ್ರಿ ಹತ್ರ, ಡೀಸೆಲ್ಲಲ್ಲಿ 700-800, ಒಳಗಿನ ಶಾಫ್ಟ್ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗತ್ತೆ, ಅದನ್ನ ಹಿಡ್ಕೊಂಡಿರೋದು ಬೇರಿಂಗಿನ ಮಧ್ಯೆ ಇರೋ ತೆಳು ಆಯಿಲ್ ಪದರ ಅಷ್ಟೇ. ಕೀ ತಿರುಗಿಸಿದ ಕೂಡಲೇ ಆಯಿಲ್ ಪಂಪ್ ನಿಂತು ಹೋಗತ್ತೆ. ಬಿಸಿ ಎಲ್ಲಿಗೆ ಹೋಗತ್ತೆ? ಹೊಗೆ ಬದಿಯ ಕಬ್ಬಿಣದಿಂದ ನಡುವಿನ ಬೇರಿಂಗ್ ಭಾಗಕ್ಕೆ ಹರಿದು ಬರತ್ತೆ, ಅಲ್ಲಿ ಉಳಿದ ಒಂಚೂರು ಆಯಿಲ್ ಬಾಣಲೆಯ ತಳ ಹಿಡಿದ ಎಣ್ಣೆ ಥರ ಕರಟಿ ಕರೀ ಗಟ್ಟಿ ಆಗತ್ತೆ.

ಇದನ್ನ ಕಣ್ಣಾರೆ ನೋಡಿದ್ದು ಶಿರಸಿಯ ಪರಿಚಯದ ಗ್ಯಾರೇಜಲ್ಲಿ. ಬಾಡಿಗೆಗೆ ಓಡೋ ಒಂದು ಡೀಸೆಲ್ ಗಾಡಿ ಟರ್ಬೊ ಕೂಗ್ತಾ, ನೀಲಿ ಹೊಗೆ ಬಿಡ್ತಾ ಬಂದಿತ್ತು. ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ರು, ಶಾಫ್ಟ್ ಹಿಡಿದು ಅಲ್ಲಾಡಿಸಿದ್ರೆ ಕೈಗೆ ಗೊತ್ತಾಗೋ ಅಷ್ಟು ಆಟ ಇತ್ತು. ಮೆಕ್ಯಾನಿಕ್ಕು "ಹೆಗಡೇರೆ, ಇಲ್ಲಿ ನೋಡಿ ಇದನ್ನ" ಅಂತ ಆಯಿಲ್ ಬರೋ ಪೈಪಿನ ಬ್ಯಾಂಜೊ ಬೋಲ್ಟ್ ನನ್ನ ಕೈಗೆ ಕೊಟ್ರು. ಬೋಲ್ಟಿನ ನಡುವಿನ ತೂತು ಮೊದಲೇ ಸಣ್ಣದು, ಅದರಲ್ಲಿ ಕರೀ ಪುಡಿ ಕಟ್ಟಿ ಸೂಜಿ ತೂರೋಷ್ಟು ಜಾಗ ಮಾತ್ರ ಉಳಿದಿತ್ತು. ಉಗುರಲ್ಲಿ ಕೆರೆದ್ರೂ ಬರಲಿಲ್ಲ, ಅಷ್ಟು ಗಟ್ಟಿ. ಅಷ್ಟೇ ಸಂದಿಯಲ್ಲಿ ಆಯಿಲ್ ಹೋಗಿ ಲಕ್ಷ ಸುತ್ತು ತಿರುಗೋ ಶಾಫ್ಟನ್ನ ಕಾಯಬೇಕು, ಎಲ್ಲಿಂದ ಆಗತ್ತೆ ಹೇಳಿ. ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಡ್ರೈವರನ್ನ ಕೇಳಿದ್ರೆ ಸರಿಯಾದ ಉತ್ತರ ಬರಲಿಲ್ಲ, ಸಂಪಿನಿಂದ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿದ ಆಯಿಲ್ ಡಾಂಬರಿನ ಹಾಗೆ ಇಳೀತಿತ್ತು. ನನ್ನ ಲೆಕ್ಕದಲ್ಲಿ ಆ ಟರ್ಬೊ ಹೋಗಿದ್ದಕ್ಕೆ ಟೈಮರ್ ಇಲ್ಲದೇ ಇದ್ದಿದ್ದಕ್ಕಿಂತ ಹಳೇ ಆಯಿಲ್ ದೊಡ್ಡ ಕಾರಣ, ಈ ಮಾತಿಗೆ ಆಮೇಲೆ ಬರ್ತೀನಿ.

ಇದಾದ ಮೇಲೆ ನಮ್ಮ ರಸ್ತೆಯಲ್ಲಿ ನಿಜವಾಗಿ ಎಷ್ಟು ಬಿಸಿ ಆಗತ್ತೆ ನೋಡೋಣ ಅಂತ ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ತಗೊಂಡೆ. ಡ್ಯಾಶಿನ ಟೆಂಪರೇಚರ್ ಮುಳ್ಳು ನೋಡಿ ಏನೂ ಗೊತ್ತಾಗಲ್ಲ, ಅದು ಕೂಲೆಂಟಿಂದು (ಇಂಜಿನ್ ತಣಿಸೋ ದ್ರವ), ಘಟ್ಟ ಹತ್ತಿದ್ರೂ ಹೆಚ್ಚುಕಮ್ಮಿ ಅಲ್ಲೇ ಇರತ್ತೆ. ಥರ್ಮಾಮೀಟರ್ ಗನ್ನನ್ನ ಟರ್ಬೊ ಮೇಲಿನ ಹೊಳೆಯೋ ಹೀಟ್ ಶೀಲ್ಡ್ (ಬಿಸಿ ತಡೆಯೋ ತಗಡು) ಮೇಲೆ ಹಿಡಿದ್ರೆ ತಪ್ಪು ಲೆಕ್ಕ ತೋರಿಸತ್ತೆ, ಸಂದಿಯಲ್ಲಿ ಕಾಣೋ ತುಕ್ಕು ಬಣ್ಣದ ಒರಟು ಕಬ್ಬಿಣಕ್ಕೇ ಹಿಡೀಬೇಕು, ಕೈ ಹತ್ರ ಒಯ್ಯಬೇಡಿ.

ಕುಮಟಾದಿಂದ ಬರ್ತಾ ಕತಗಾಲ ದಾಟಿ ನಾಲ್ಕು ಜನ ಕೂತ್ಕೊಂಡು ಎಸಿ ಹಾಕ್ಕೊಂಡು ಎರಡು ಮೂರನೇ ಗೇರಲ್ಲಿ ದೇವಿಮನೆ ಘಟ್ಟ ಹತ್ತಿ, ಮೇಲೆ ದೇವಿಗೆ ಕೈ ಮುಗಿಯೋಕೆ ನಿಲ್ಲಿಸ್ತೀವಲ್ಲ, ಅಲ್ಲೇ ಬಾನೆಟ್ ಎತ್ತಿ ನೋಡ್ತಿದ್ದೆ. ನಿಂತ ತಕ್ಷಣ ಆಫ್ ಮಾಡಿದ್ರೆ ನಡುವಿನ ಬೇರಿಂಗ್ ಭಾಗದ ಬಿಸಿ ಇಳಿಯಲ್ಲ, ಮೊದಲು ಏರತ್ತೆ, ಸುಮಾರು ಹೊತ್ತು ಏರಿ ಆಮೇಲೆ ನಿಧಾನಕ್ಕೆ ಇಳಿಯತ್ತೆ. ಒಂದು ನಿಮಿಷ ಐಡಲ್ (ಆಕ್ಸಲರೇಟರ್ ಒತ್ತದೇ ಇಂಜಿನ್ ಸುಮ್ಮನೆ ಓಡೋದು) ಬಿಟ್ಟು ಆಮೇಲೆ ಆಫ್ ಮಾಡಿದ್ರೆ ಆ ಏರಿಕೆ ಬಹಳ ಕಮ್ಮಿ. ಯಾಕಂದ್ರೆ ಐಡಲ್ಲಲ್ಲಿ ಡೀಸೆಲ್ ಹೊಗೆ 200 ಡಿಗ್ರಿ ಒಳಗೇ ಇರತ್ತೆ, ಅದೇ ಹೊಗೆ ಟರ್ಬೈನನ್ನ (ಟರ್ಬೊದ ಹೊಗೆ ಬದಿಯ ಚಕ್ರ) ತಣಿಸತ್ತೆ, ಜೊತೆಗೆ ಆಯಿಲ್ ಓಡಾಡ್ತಾ ಬಿಸಿ ಹೊತ್ಕೊಂಡು ಹೋಗತ್ತೆ. ಒಂದು ನಿಮಿಷದ ಮೇಲೆ ಮೂರು ನಾಲ್ಕು ನಿಮಿಷ ಬಿಟ್ಟು ನೋಡಿದ್ರೂ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಹತ್ತು ನಿಮಿಷ ಗುರ್ ಅಂತ ಬಿಟ್ಟು ಕೂರೋರನ್ನ ನೋಡಿದ್ದೀನಿ, ಡೀಸೆಲ್ ಸುಡೋದು, ಇಜಿಆರಿಗೆ (ಹೊಗೆಯ ಒಂದು ಪಾಲನ್ನ ವಾಪಸ್ ಇಂಜಿನ್ನಿಗೆ ಕಳಿಸೋ ವಾಲ್ವ್) ಮಸಿ ತುಂಬೋದು ಬಿಟ್ರೆ ಅದರಿಂದ ಲಾಭ ಇಲ್ಲ.

ಅಲ್ಲಿ ನಿಲ್ಲಿಸದೇ ಸೀದಾ ಶಿರಸಿಗೆ ಬಂದ್ರೆ? ಘಟ್ಟದ ಮೇಲೆ ರಾಗಿಹೊಸಳ್ಳಿ ಕಡೆ ಕಾಡು ರಸ್ತೆ, ಲೋಡ್ ಕಮ್ಮಿ, ಆಮೇಲೆ ಪೇಟೆ ಒಳಗೆ ಹಂಪು, ದನ, ಟ್ರಾಫಿಕ್ಕು ದಾಟಿ ಮನೆ ಸೇರೋಷ್ಟರಲ್ಲಿ ಟರ್ಬೊ ಆಗಲೇ ತಣಿದಿರತ್ತೆ. ಮನೆ ಮುಂದೆ ಗಾಡಿ ನಿಲ್ಲಿಸಿ ಗೇಟ್ ತೆಗೆದು ಒಳಗೆ ಹಾಕೋ ಹೊತ್ತೇ ಸಾಕು. ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗಂತೂ ಚಿಂತೆಯೇ ಇಲ್ಲ, ಗೇರಲ್ಲಿ ಇಟ್ಟು ಆಕ್ಸಲರೇಟರಿಂದ ಕಾಲು ತೆಗೆದ್ರೆ ಇಂಜಿನ್ನಿಗೆ ಡೀಸೆಲ್ಲೇ ಹೋಗಲ್ಲ, ಟರ್ಬೊ ಮೂಲಕ ಬರೀ ಗಾಳಿ ಹೋಗತ್ತೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತೋರಿಗೂ ಇದೇ ಲೆಕ್ಕ, ಘಟ್ಟದ ತಲೆಯಲ್ಲೇ ಚಾ ಕುಡಿಯೋಕೆ ನಿಂತ್ರೆ ಒಂದು ನಿಮಿಷ ಬಿಡಿ, ಯಲ್ಲಾಪುರಕ್ಕೆ ಹೋಗಿ ನಿಂತ್ರೆ ಬೇಕಾಗಿಲ್ಲ.

ಜನ ಲಕ್ಷ್ಯ ಕೊಡದೇ ಇರೋ ಜಾಗ ಇನ್ನೊಂದಿದೆ, ಕರಾವಳಿಯ ಹೈವೇ 66. ಕಾರವಾರದಿಂದ ಕುಮಟಾ ಕಡೆಗೆ ಚತುಷ್ಪಥದಲ್ಲಿ 100ರಲ್ಲಿ ಬಂದು ಹಾಗೇ ಪೆಟ್ರೋಲ್ ಬಂಕಿಗೆ ತಿರುಗಿಸಿ ಟಕ್ ಅಂತ ಆಫ್ ಮಾಡ್ತಾರೆ. ಬಂಕಲ್ಲಿ ಇಂಜಿನ್ ಆಫ್ ಮಾಡಲೇಬೇಕು, ಅದು ಸುರಕ್ಷತೆ. ಹಾಗಾಗಿ ನಾನು ಬಂಕ್ ಬರೋಕೆ ಒಂದೆರಡು ಕಿಲೋಮೀಟರ್ ಮುಂಚೆನೇ ಎಡಕ್ಕೆ ಬಂದು 60ಕ್ಕೆ ಇಳಿಸ್ತೀನಿ. ಹೋಟೆಲಿಗೆ ತಿರುಗಿಸುವಾಗಲೂ ಅಷ್ಟೇ.

ಇನ್ನು ಟೈಮರಿನ ತೊಂದರೆ. ನಮ್ಮ ಕಡೆ ಮನೆಗಳು ಎಲ್ಲಿವೆ ನೋಡಿ, ತೋಟದ ಮೇಲಿನ ದರೆಯಲ್ಲಿ, ಅಂಗಳಕ್ಕೆ ಇಳಿಯೋ ದಾರಿನೇ ಇಳಿಜಾರು. ಗಾಡಿ ನಿಲ್ಲಿಸಿದ್ರೆ ಗೇರಲ್ಲಿ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡೋದು ರೂಢಿ. ಟೈಮರ್ ಇದ್ರೆ ಇಂಜಿನ್ ಓಡ್ತಾ ಇರತ್ತೆ, ಗೇರಲ್ಲಿ ಹಾಕೋ ಹಾಗೇ ಇಲ್ಲ, ನ್ಯೂಟ್ರಲ್ಲಲ್ಲಿ ಬರೀ ಹ್ಯಾಂಡ್‌ಬ್ರೇಕ್ ನಂಬಿ ಇಳಿದು ಹೋಗಬೇಕು, ಒಳಗೆ ಮಕ್ಕಳು ಕೂತಿದ್ರೆ ನೆನೆಸ್ಕೊಂಡ್ರೆ ಭಯ ಆಗತ್ತೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ವೆನ್ಯೂಗೆ ಹಾಕಿಸಿ ಅಂತ ಬಹಳ ಒತ್ತಾಯ ಮಾಡಿದ್ರು, ಇಗ್ನಿಷನ್ ವೈರ್ ಕತ್ತರಿಸಿ ಜೋಡಿಸಬೇಕು ಅಂದ್ರು. ಪುಷ್ ಬಟನ್, ಇಮೊಬಿಲೈಸರ್ (ಕಳ್ಳತನ ತಡೆಯೋ ವ್ಯವಸ್ಥೆ) ಇರೋ ಹೊಸ ಗಾಡಿಯ ವೈರಿಗೆ ಕತ್ತರಿ ಹಾಕಿದ್ರೆ ಮುಂದೆ ವಾರಂಟಿ ಕೇಳೋಕೆ ಯಾವ ಮುಖ ಇಟ್ಕೊಂಡು ಹೋಗೋದು, ನಾನು ಒಪ್ಪಲಿಲ್ಲ.

ಹೊಸ ಪೆಟ್ರೋಲ್ ಟರ್ಬೊಗಳಲ್ಲಿ ಬೇರಿಂಗ್ ಭಾಗಕ್ಕೆ ಆಯಿಲ್ ಜೊತೆ ಕೂಲೆಂಟೂ ಹರಿಯತ್ತೆ. ಇಂಜಿನ್ ನಿಂತ ಮೇಲೂ ಬಿಸಿ ಕೂಲೆಂಟ್ ಮೇಲೇರಿ ತಣ್ಣಗಿನದು ಆ ಜಾಗಕ್ಕೆ ಬರತ್ತೆ, ಕೆಲವು ಗಾಡಿಗಳಲ್ಲಿ ಅದಕ್ಕೇ ಅಂತ ಸಣ್ಣ ಎಲೆಕ್ಟ್ರಿಕ್ ಪಂಪ್ ಇರತ್ತೆ. ಆಫ್ ಮಾಡಿದ ಮೇಲೂ ಫ್ಯಾನ್ ಓಡ್ತಿದ್ರೆ ಗಾಬರಿ ಬೀಳಬೇಡಿ, ಅದು ಗಾಡಿ ತನ್ನ ಕೆಲಸ ಮಾಡ್ತಿರೋದು. ಹಾಗಂತ ಘಟ್ಟದ ತಲೆಯ ಒಂದು ನಿಮಿಷ ನಾನು ವೆನ್ಯೂಗೂ ಬಿಡಲ್ಲ. ಟರ್ಬೊ ಗಾಡಿಗಳ ಮ್ಯಾನುಯಲ್ ತೆಗೆದು ನೋಡಿ, ಜೋರಾಗಿ ಓಡಿಸಿದ ಮೇಲೆ ಸ್ವಲ್ಪ ಹೊತ್ತು ಐಡಲ್ ಬಿಡಿ ಅಂತ ಬಹಳಷ್ಟರಲ್ಲಿ ಬರೆದಿರತ್ತೆ.

ಇನ್ನು ಆಯಿಲ್. ಟೈಮರಿಗೆ ಕೊಡೋ ದುಡ್ಡನ್ನ ಇದಕ್ಕೆ ಹಾಕಿ ಅಂತ ಎಲ್ಲರಿಗೂ ಕೈ ಮುಗಿದು ಹೇಳ್ತೀನಿ. ಮ್ಯಾನುಯಲ್ಲಲ್ಲಿ ಹೇಳಿದ ಗ್ರೇಡಿನ ಸಿಂಥೆಟಿಕ್ಕೇ ಹಾಕಿ, ಬಿಸಿಗೆ ಅದು ಬೇಗ ಕರಟಲ್ಲ. 10,000 ಕಿಲೋಮೀಟರ್ ಅಂತ ಬರೆದಿದ್ರೆ ಘಟ್ಟದ ಓಡಾಟ ಇರೋರು ಅದಕ್ಕೂ ಮುಂಚೆ ಬದಲಾಯಿಸಿ, ಕಠಿಣ ಬಳಕೆಗೆ ಬೇರೆ ಪಟ್ಟಿ ಅಂತ ಮ್ಯಾನುಯಲ್ಲಲ್ಲೇ ಇರತ್ತೆ, ಅದು ನಮ್ಮಂಥ ರಸ್ತೆಯವರಿಗೇ. ಆಯಿಲ್ ಜೊತೆ ಫಿಲ್ಟರನ್ನೂ ಬದಲಾಯಿಸಿ. ಮತ್ತೆ ಬೆಳಿಗ್ಗೆ, ಮಳೆಗಾಲದ ಥಂಡಿಯಲ್ಲಂತೂ, ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ, ಆಯಿಲ್ ಟರ್ಬೊವರೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕು, ಸಂಜೆ ತಣಿಸೋದಷ್ಟೇ ಮುಖ್ಯ ಇದೂ.

ಈಗಾಗಲೇ ಟೈಮರ್ ಹಾಕಿಸಿದೋರು ಕಿತ್ತು ಬಿಸಾಕಿ ಅಂತೇನಲ್ಲ, ಒಂದು ನಿಮಿಷಕ್ಕೆ ಸೆಟ್ ಮಾಡಿಡಿ, ಇಳಿಜಾರಲ್ಲಿ ಮತ್ತೆ ಮುಚ್ಚಿದ ಶೆಡ್ಡಲ್ಲಿ ಮಾತ್ರ ಅದನ್ನ ಬಂದ್ ಮಾಡಿ ಕೈಯಲ್ಲೇ ಆಫ್ ಮಾಡಿ, ಶೆಡ್ಡಲ್ಲಿ ಇಂಜಿನ್ ಓಡ್ತಾ ಇದ್ರೆ ಹೊಗೆ ಮನೆ ಒಳಗೆ ತುಂಬ್ಕೊಳತ್ತೆ.