ಟಾಪ್ ಕತ್ತರಿಸಿದ ಹಳೇ ಕಾರು ಕೊಳ್ಳುವ ಮುನ್ನ ಬಾಗಿಲ ಸಂದು ನೋಡಿ

ಟಾಪ್ ಮಡಚಿದ ಹಳೇ ಕಾರೊಂದು ಎದುರಿಗೆ ಬಂದರೆ ಯಾರಿಗಾದರೂ ಆಸೆ ಆಗುತ್ತದೆ. ನನಗೂ ಆಗಿತ್ತು. ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಒಂದು ಫಿಯೆಟ್ 1100 ನೋಡಲು ಹೋಗಿದ್ದೆ. ಕೆಂಪು ಬಣ್ಣ, ಕೆನೆ ಬಣ್ಣದ ಸೀಟು, ಮೇಲೆ ಕಪ್ಪು ಬಟ್ಟೆಯ ಟಾಪ್. ಫೋಟೊದಲ್ಲಿ ಅದೆಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದ್ರೆ ಅಡ್ವಾನ್ಸ್ ದುಡ್ಡು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಡ್ರೈವರ್ ಕಡೆ ಬಾಗಿಲು ತೆಗೆದೆ. ವಾಪಸ್ ಹಾಕಲು ಹೋದರೆ ಕೂರಲಿಲ್ಲ, ಸ್ವಲ್ಪ ಎತ್ತಿ ಹಾಕಬೇಕಾಯಿತು. "ಹಳೇ ಗಾಡಿ ಅಲ್ವಾ ಸಾರ್, ಹಿಂಜ್ ಸವೆದಿದೆ ಅಷ್ಟೇ" ಅಂದರು ಮಾರುವವರು. ಬಾಗಿಲು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ. ಹಿಂಜ್ ಗಟ್ಟಿಯಾಗೇ ಇತ್ತು. ಕಾರೇ ನಡುವೆ ಬಾಗಿತ್ತು.

ಅವತ್ತಿನಿಂದ ಇಂಥ ಕಾರು ಎಲ್ಲಿ ಕಂಡರೂ ನಾನು ಮೊದಲು ನೋಡುವುದು ಬಾಗಿಲ ಸುತ್ತಲಿನ ಸಂದು. ಟಾಪ್ ಬಟ್ಟೆ ಆಮೇಲೆ.

ಟಾಪ್ ತೆಗೆದರೆ ಏನಾಗುತ್ತದೆ?

ಮನೆಯಲ್ಲಿ ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಕಡ್ಡಿ ಖಾಲಿ ಮಾಡಿ, ಒಳಗಿನ ತಟ್ಟೆಯನ್ನು ಪೂರ್ತಿ ಹೊರಗೆ ಎಳೆದು ಎರಡು ತುದಿ ಹಿಡಿದು ತಿರುಚಿ. ಸುಲಭವಾಗಿ ತಿರುಚುತ್ತದೆ. ಅದೇ ತಟ್ಟೆಯನ್ನು ಕವರಿನೊಳಗೆ ತಳ್ಳಿ ಮತ್ತೆ ತಿರುಚಿ ನೋಡಿ, ಜಪ್ಪಯ್ಯ ಅನ್ನುವುದಿಲ್ಲ. 1953ರಿಂದ ಈಚಿನ ಫಿಯೆಟ್ 1100, ಅದರ ನಂತರದ ಪದ್ಮಿನಿ, ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರ್ ಇವೆಲ್ಲ ಮುಚ್ಚಿದ ಪೊಟ್ಟಣದ ಜಾತಿಯವು. ಇವಕ್ಕೆ ಬೇರೆ ಚಾಸಿ, ಅಂದ್ರೆ ಬಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು, ಇಲ್ಲ. ನೆಲ, ಕಂಬ, ಟಾಪ್ ಎಲ್ಲ ಸೇರಿಯೇ ಭಾರ ಹೊರುತ್ತವೆ. ಟಾಪ್ ಕತ್ತರಿಸಿದ ಮೇಲೆ ಆ ಕೆಲಸವನ್ನೆಲ್ಲ ನೆಲದ ತಗಡು ಮತ್ತು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್, ಅಂದ್ರೆ ಕಾರಿನ ಹೊಸ್ತಿಲು, ಎರಡೇ ಮಾಡಬೇಕು. ಅವಕ್ಕೆ ಬಲ ಕೊಡದೆ ಬರೀ ಟಾಪ್ ಹಾರಿಸಿದ ಕಾರು ದಿನ ಕಳೆದ ಹಾಗೆ ಕುಸಿಯುತ್ತಾ ಹೋಗುತ್ತದೆ.

ಸ್ಟ್ಯಾಂಡರ್ಡ್ ಹೆರಾಲ್ಡ್ ಕಥೆ ಬೇರೆ. ಬ್ರಿಟನ್ನಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಆಗಿ ಬಂದು, 1961ರಿಂದ ಮದ್ರಾಸಿನಲ್ಲಿ ತಯಾರಾದ ಈ ಕಾರಿಗೆ ಪ್ರತ್ಯೇಕ ಚಾಸಿ ಇದೆ. ಅದರ ಟಾಪ್ ಬೋಲ್ಟ್ ಹಾಕಿ ಕೂರಿಸಿದ್ದು. ಬೋಲ್ಟ್ ಬಿಚ್ಚಿದರೆ ಟಾಪ್ ಎದ್ದು ಬರುತ್ತದೆ. ಹಾಗಾಗಿ ಓಪನ್ ಮಾಡಿಸಿದ ಹೆರಾಲ್ಡ್ ಅಂದ ಕೂಡಲೇ ಹೆದರಬೇಕಿಲ್ಲ. ಅದರಲ್ಲಿ ನೋಡಬೇಕಾದದ್ದು ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳಿಗೆ ತುಕ್ಕು ಹಿಡಿದಿದೆಯಾ ಅನ್ನುವುದನ್ನು.

ಮೊದಲು ನಂಬರ್ ಪ್ಲೇಟು, ಅದೂ ಒಳಗಿನದು

ಚಾಸಿ ನಂಬರ್ ಓದುವುದರಿಂದ ಶುರು ಮಾಡಿ. ಕಾರ್ಖಾನೆಯಿಂದಲೇ ಓಪನ್ ಆಗಿ ಬಂದದ್ದಾ, ಆಮೇಲೆ ಕತ್ತರಿಸಿದ್ದಾ ಅನ್ನುವುದನ್ನು ಎಷ್ಟೋ ಕಾರುಗಳಲ್ಲಿ ಅದೇ ಹೇಳಿಬಿಡುತ್ತದೆ. ಮಾರಿಸ್ ಮೈನರ್‌ನ ಓಪನ್ ಮಾದರಿಗೆ ಟೂರರ್ ಅಂತ ಹೆಸರು, ನಂತರದ ವರ್ಷಗಳ ಕಾರುಗಳಲ್ಲಿ ಅದರ ನಂಬರ್ 'ಎಂಎಟಿ' ಅಂತ ಶುರುವಾಗುತ್ತದೆ. ಎರಡು ಬಾಗಿಲಿನ ಸಲೂನ್, ಅಂದ್ರೆ ಮುಚ್ಚಿದ ಟಾಪಿನ ಸೆಡಾನ್, ಆದರೆ 'ಎಂಎ2ಎಸ್'. ಬ್ರಿಟನ್ನಿನಲ್ಲಿ ಸಲೂನ್ ಕತ್ತರಿಸಿ ಟೂರರ್ ಮಾಡಿದ ಮೈನರ್‌ಗಳು ಬೇಕಾದಷ್ಟಿವೆ, ಚೆನ್ನಾಗಿ ಮಾಡಿದವೂ ಇವೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ 1965ರ ಮಾಡೆಲ್‌ನಿಂದ ಈಚೆಗೆ ನಂಬರಿನ ಮೊದಲ ಎರಡು ಅಂಕಿ 11 ಇದ್ದರೆ ಸೆಡಾನ್, 15 ಇದ್ದರೆ ಓಪನ್. 1965, 66ರ ಫೋರ್ಡ್ ಮಸ್ಟಾಂಗ್‌ನಲ್ಲಿ 08 ಅಂದರೆ ಕನ್ವರ್ಟಿಬಲ್ (ಓಪನ್), 07 ಅಂದರೆ ಕೂಪೆ (ಗಟ್ಟಿ ಟಾಪಿನ ಎರಡು ಬಾಗಿಲ ಕಾರು). ಮರ್ಸಿಡಿಸ್ 280 ಎಸ್‌ಇ 3.5ರಲ್ಲಿ ಕೂಪೆ 111.026, ಕ್ಯಾಬ್ರಿಯೊಲೆ (ಓಪನ್ ಮಾದರಿ) 111.027. ಈ ಒಂದು ಅಂಕಿಯ ವ್ಯತ್ಯಾಸದಲ್ಲಿ ದೊಡ್ಡ ದುಡ್ಡಿದೆ, ಏಕೆಂದರೆ ಕ್ಯಾಬ್ರಿಯೊಲೆ ತಯಾರಾದದ್ದು 1,232 ಮಾತ್ರ.

ನಂಬರ್ ಸೆಡಾನಿನದು ಅಂತ ಗೊತ್ತಾದರೆ ಕಾರು ಕೆಟ್ಟದ್ದು ಅಂತ ಅರ್ಥವಲ್ಲ. ಮಾರುವವರು ಅದನ್ನು ಮೊದಲೇ ಹೇಳಿದರಾ ಇಲ್ಲವಾ ಅನ್ನುವುದನ್ನು ಗಮನಿಸಿ. ಅಲ್ಲಿ ಮುಚ್ಚಿಟ್ಟವರು ಬೇರೆ ಕಡೆಯೂ ಮುಚ್ಚಿಟ್ಟಿರಬಹುದು.

ಬಾಗಿಲ ಸಂದು

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಲು ಹೇಳಿ. ಬಾಗಿಲು ಮುಚ್ಚಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಾಗಿಲ ಹಿಂದಿನ ಅಂಚು ನೋಡಿ. ಮೇಲಿಂದ ಕೆಳಗಿನ ತನಕ ಸಂದು ಒಂದೇ ಸಮ ಇರಬೇಕು. ಅಳೆಯಲು ನಾನು ವಿಸಿಟಿಂಗ್ ಕಾರ್ಡುಗಳನ್ನು ಬಳಸುತ್ತೇನೆ. ಮೇಲೆ ಎಷ್ಟು ಕಾರ್ಡು ಹೋಗುತ್ತದೆ, ಕೆಳಗೆ ಎಷ್ಟು ಹೋಗುತ್ತದೆ ಅಂತ ಎಣಿಸಿ. ನಡು ಕುಸಿದ ಕಾರಿನಲ್ಲಿ ಮುಂದಿನ ಕಂಬ ಮತ್ತು ನಡುವಿನ ಕಂಬ ಮೇಲುಗಡೆ ಒಂದರ ಕಡೆ ಒಂದು ವಾಲುತ್ತವೆ. ಅದಕ್ಕೇ ಸಂದು ಮೇಲೆ ಕಿರಿದು, ಕೆಳಗೆ ಅಗಲ. ನಾನು ನೋಡಿದ ಫಿಯೆಟ್‌ನಲ್ಲಿ ಕೆಳಗೆ ಒಂದು ಕಟ್ಟು ಕಾರ್ಡು ಆರಾಮಾಗಿ ಹೋಯಿತು, ಮೇಲೆ ಎರಡು ಹೋಗಲು ಒದ್ದಾಡಿದವು.

ಇನ್ನು ಜಾಕ್ ಪರೀಕ್ಷೆ. ಒಂದೇ ಒಂದು ಪರೀಕ್ಷೆಗೆ ಸಮಯ ಇದೆ ಅಂದ್ರೆ ಇದನ್ನೇ ಮಾಡಿ. ಬಾಗಿಲು ಮುಚ್ಚಿ, ಸಂದಿನ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಅಡ್ಡಕ್ಕೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ಸಂದಿನಲ್ಲಿ ಟೇಪ್ ಕೊಯ್ಯಿರಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಮೂಲೆಗೆ ಜಾಕ್ ಹಾಕಿ ಚಕ್ರ ನೆಲ ಬಿಡುವ ತನಕ ಎತ್ತಿ. ಕಾರಿನ ಕೆಳಗೆ ಮಾತ್ರ ಹೋಗಬೇಡಿ. ಈಗ ಗೆರೆ ನೋಡಿ. ಎರಡು ಭಾಗ ಒಂದಕ್ಕೊಂದು ಸರಿಯಾಗಿ ಕೂತಿದ್ದರೆ ಒಳ್ಳೆಯದು, ಕೂದಲೆಳೆಯಷ್ಟು ಸರಿದರೂ ತಲೆ ಕೆಡಿಸಿಕೊಳ್ಳಬೇಡಿ, ಹಳೇ ಕಾರಲ್ಲಿ ಅಷ್ಟು ಇರುತ್ತದೆ. ಎರಡು ಮೂರು ಮಿಲಿಮೀಟರ್ ಸರಿದರೆ ಕಾರು ತಿರುಚುತ್ತಿದೆ ಅಂತಲೇ. ಹಾಗೇ ಎತ್ತಿಟ್ಟ ಸ್ಥಿತಿಯಲ್ಲಿ ಬಾಗಿಲು ತೆಗೆದು ಹಾಕಿ. ಸರಿಯಾಗಿ ಮಾಡಿದ ಕಾರಿನ ಬಾಗಿಲು ನೆಲದ ಮೇಲೆ ಹೇಗಿತ್ತೋ ಹಾಗೇ ಮುಚ್ಚುತ್ತದೆ. ಆ ಫಿಯೆಟ್‌ನ ಬಾಗಿಲು ತೆರೆಯಲೇ ಇಲ್ಲ. ಜಾಕ್ ಇಳಿಸಿದ ಮೇಲೆ ತೆರೆಯಿತು.

ನಾಲ್ಕು ಬಾಗಿಲ ಕಾರಾದರೆ ನಡುವಿನ ಕಂಬವನ್ನು ಮರೆಯಬೇಡಿ. ಪದ್ಮಿನಿಯಂಥ ಕಾರುಗಳಲ್ಲಿ ಮುಂದಿನ ಬಾಗಿಲ ಲಾಕ್ ಬಂದು ಕೂರುವುದು ಈ ಕಂಬದ ಮೇಲೆ, ಹಿಂದಿನ ಬಾಗಿಲ ಹಿಂಜ್ ಇರುವುದೂ ಇದೇ ಕಂಬದ ಮೇಲೆ. ಟಾಪ್ ಹೋದ ಮೇಲೆ ಅದು ಬುಡದಲ್ಲಿ ಮಾತ್ರ ಹಿಡಿದು ನಿಂತ ಗೂಟ. ಎರಡೂ ಬಾಗಿಲು ತೆಗೆದು, ಆ ಗೂಟದ ತುದಿ ಹಿಡಿದು ಒಳಗೆ ಹೊರಗೆ ಎಳೆದು ನೋಡಿ. ಅಲ್ಲಾಡಿದರೆ, ಬುಡದ ಪೇಂಟಿನಲ್ಲಿ ಸಣ್ಣ ಸೀಳು ಕಂಡರೆ, ಅಲ್ಲಿಗೆ ಮಾತುಕತೆ ಮುಗಿಸಿ. ಒಳ್ಳೆ ಕೆಲಸಗಾರರು ಹಿಂದಿನ ಬಾಗಿಲನ್ನು ವೆಲ್ಡ್ ಮಾಡಿ ಮುಚ್ಚಿ ಎರಡು ಬಾಗಿಲ ಕಾರು ಮಾಡುತ್ತಾರೆ, ಇಲ್ಲವೇ ಕಂಬದ ಬುಡಕ್ಕೆ ಎಡದಿಂದ ಬಲಕ್ಕೆ ನೆಲದ ಮೇಲೆ ದಪ್ಪ ಅಡ್ಡಪಟ್ಟಿ ಕೊಡುತ್ತಾರೆ.

ಕೆಳಗೆ ಮಲಗಿ ನೋಡುವುದು

ಇದಕ್ಕೆ ಸರ್ವಿಸ್ ಸ್ಟೇಷನ್ನಿನ ರ‍್ಯಾಂಪ್ ಬೇಕು. ಇನ್ನೂರು ಮುನ್ನೂರು ರೂಪಾಯಿ ಕೊಟ್ಟರೂ ಪರವಾಗಿಲ್ಲ, ಹತ್ತಿಸಿ. ಜೊತೆಗೆ ಟಾರ್ಚ್, ಒಂದು ಸಣ್ಣ ಮ್ಯಾಗ್ನೆಟ್ ಇರಲಿ.

ಜರ್ಮನಿಯ ಓಸ್ನಾಬ್ರುಕ್‌ನಲ್ಲಿ ಕಾರ್ಮನ್ ಕಂಪನಿ 1949ರಿಂದ 1980ರವರೆಗೆ ಬೀಟಲ್‌ನ ಓಪನ್ ಮಾದರಿ ಮಾಡಿತು, ಮೂರು ಲಕ್ಷಕ್ಕೂ ಜಾಸ್ತಿ. ಅದರ ಹೊಟ್ಟೆ ನೋಡಿದರೆ ಏನು ಮಾಡಬೇಕು ಅಂತ ಅರ್ಥವಾಗುತ್ತದೆ. ಸಿಲ್‌ಗೆ ಹೆಚ್ಚುವರಿ ಗಟ್ಟಿ ಪಟ್ಟಿ, ಬಾಗಿಲ ಹಿಂದಿನ ಕಂಬಕ್ಕೆ ಬಲ, ಮುಂದಿನ ಗಾಜಿನ ಚೌಕಟ್ಟಿಗೆ ಬಲ. ಅಷ್ಟೆಲ್ಲ ಸೇರಿಸಿದ್ದರಿಂದ ಓಪನ್ ಬೀಟಲ್ ಸೆಡಾನಿಗಿಂತ ತೂಕ ಜಾಸ್ತಿ. ಟಾಪ್ ತೆಗೆದರೆ ಕಾರು ಹಗುರ ಆಗಬೇಕಲ್ವಾ ಅಂತ ನಮಗೆ ಅನ್ನಿಸುತ್ತದೆ, ಆದರೆ ಸರಿಯಾಗಿ ಮಾಡಿದ ಕೆಲಸದಲ್ಲಿ ಭಾರವೇ ಆಗುತ್ತದೆ. ಹತ್ತಿರದಲ್ಲಿ ವೇ ಬ್ರಿಡ್ಜ್ ಇದ್ದರೆ ಕಾರನ್ನು ತೂಗಿಸಿ, ಮೂಲ ಸೆಡಾನಿನ ತೂಕದ ಜೊತೆ ಹೋಲಿಸಿ. ತುಂಬ ಹಗುರ ಬಂದರೆ ಕೆಳಗೆ ಏನೂ ಸೇರಿಸಿಲ್ಲ ಅಂತ ಅನುಮಾನಪಡಿ.

ಹುಡುಕಬೇಕಾದದ್ದು ಇಷ್ಟು. ಸಿಲ್ ಒಳಗೆ ಅಥವಾ ಪಕ್ಕದಲ್ಲಿ ಉದ್ದಕ್ಕೂ ಹೋಗುವ ಬಾಕ್ಸ್ ಪೈಪೋ ಮಡಚಿದ ತಗಡೋ ಇದೆಯಾ? ಅದು ಮುಂದಿನ ಕಂಬದ ಬುಡದಿಂದ ಹಿಂದಿನ ಚಕ್ರದ ತನಕ ಪೂರ್ತಿ ಹೋಗಿದೆಯಾ, ಅಥವಾ ಬಾಗಿಲ ಕೆಳಗೆ ಮಾತ್ರ ಇದ್ದು ಎರಡೂ ತುದಿಯಲ್ಲಿ ಗಾಳಿಯಲ್ಲಿ ನಿಂತಿದೆಯಾ? ಎಡ ಬಲ ಸಿಲ್‌ಗಳನ್ನು ಜೋಡಿಸುವ ಅಡ್ಡಪಟ್ಟಿ ಇದೆಯಾ? ವೆಲ್ಡಿಂಗ್ ಗೆರೆ ಒಂದೇ ಸಮನಾಗಿ, ತಗಡಿಗೆ ಇಳಿದು ಕೂತಿರಬೇಕು. ಗುಂಡು ಗುಂಡಾಗಿ ಮೇಲೆ ಅಂಟಿಕೊಂಡಿದ್ದರೆ ಅದು ಹಿಡಿತ ಕೊಡುವುದಿಲ್ಲ. ಮುಚ್ಚಿದ ಬಾಕ್ಸಿಗೆ ಕೆಳಗೆ ನೀರು ಹೋಗಲು ತೂತು ಇಲ್ಲದಿದ್ದರೆ ನಮ್ಮ ಮಳೆಗೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ, ಹೊರಗೆ ಎಷ್ಟೇ ಪೇಂಟ್ ಹೊಡೆದರೂ. ಕೊನೆಗೆ ಮ್ಯಾಗ್ನೆಟ್ಟನ್ನು ಸಿಲ್ ಉದ್ದಕ್ಕೂ ನಿಧಾನ ಎಳೆಯಿರಿ. ಫಿಯೆಟ್‌ನಲ್ಲಿ ನನ್ನ ಮ್ಯಾಗ್ನೆಟ್ ಮುಂದಿನ ಒಂದು ಅಡಿ ಹಿಡಿದುಕೊಂಡಿತು, ಆಮೇಲೆ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ತಗಡು ಇರಲಿಲ್ಲ, ಪುಟ್ಟಿ ಇತ್ತು. ಉಗುರಿನಿಂದ ಕೆರೆದರೆ ಬೆರಳಿಗೆ ಬಿಳಿ ಪುಡಿ ಅಂಟಿತು.

ಮಾಲೀಕರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿದ್ದರಾ? ಸಿಲ್‌ಗೆ ಬಲ ಕೊಟ್ಟು ಮುಗಿಯುವ ತನಕ ಆ ಪೈಪುಗಳು ಕಾರಿನ ಆಕಾರ ಹಿಡಿದಿಡುತ್ತವೆ. ಮೊದಲು ಟಾಪ್ ಕತ್ತರಿಸಿ ಆಮೇಲೆ ಬಲ ಕೊಟ್ಟರೆ, ಬಾಗಿದ ಆಕಾರವೇ ಗಟ್ಟಿಯಾಗಿ ಉಳಿಯುತ್ತದೆ. ಕಷ್ಟಪಟ್ಟು ಮಾಡಿಸಿದವರ ಹತ್ತಿರ ಕೆಲಸದ ಫೋಟೊ ಇದ್ದೇ ಇರುತ್ತದೆ, ಕೇಳಿದರೆ ಖುಷಿಯಿಂದ ತೋರಿಸುತ್ತಾರೆ.

ಗಾಜು, ಬಟ್ಟೆ, ನೀರು

ಮುಂದಿನ ಗಾಜಿನ ಚೌಕಟ್ಟಿನ ಮೇಲಂಚು ಹಿಡಿದು ಅಲ್ಲಾಡಿಸಿ. ಕಾರು ಮಗುಚಿದರೆ ತಲೆ ಕಾಯುವುದಕ್ಕೆ ಮುಂದೆ ಇರುವುದು ಅದೊಂದೇ. ಟಾಪ್ ಮಡಚುವುದು, ಬಿಡಿಸುವುದು ಎರಡನ್ನೂ ನೀವೇ ಮಾಡಿ, ಅವರಿಂದ ಮಾಡಿಸಬೇಡಿ. ಕೊಂಡಿ ಹಾಕಲು ಮೈಭಾರ ಬಿಟ್ಟು ಎಳೆಯಬೇಕಾಗಿ ಬಂದರೆ ಟಾಪಿನ ಸರಳುಗಳ ಅಳತೆ ತಪ್ಪಿದೆ. ಬಾಗಿಲ ಗಾಜು ಪೂರ್ತಿ ಏರಿಸಿದಾಗ ರಬ್ಬರ್‌ಗೆ ಸಮನಾಗಿ ತಾಗಬೇಕು. ಆಮೇಲೆ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟು ಒಳಗೆ ಕೂತುಕೊಳ್ಳಿ. ಸ್ವಲ್ಪ ಹನಿಯುವುದು ಹಳೇ ಓಪನ್ ಕಾರಿನ ಗುಣ, ಅದನ್ನು ಸಹಿಸಿಕೊಳ್ಳಬಹುದು. ಕಾರ್ಪೆಟ್ ಎತ್ತಿದಾಗ ಕೆಳಗೆ ನೀರು ನಿಂತಿದ್ದರೆ ಸಹಿಸಬೇಡಿ.

ರಸ್ತೆಯಲ್ಲಿ ನಿಧಾನಕ್ಕೆ ಹೋಗಿ, ಸ್ಪೀಡ್ ಬ್ರೇಕರನ್ನು ಓರೆಯಾಗಿ, ಒಂದೊಂದೇ ಚಕ್ರ ಏರುವ ಹಾಗೆ ದಾಟಿ. ಕಣ್ಣು ಒಳಗಿನ ಕನ್ನಡಿಯ ಮೇಲಿರಲಿ. ಡ್ಯಾಶ್‌ಬೋರ್ಡ್ ಒಂದು ಕಡೆ, ಸ್ಟೀರಿಂಗ್ ಒಂದು ಕಡೆ ನಡುಗಿದರೆ, ಬಾಗಿಲು ಕಟಕಟ ಅಂದರೆ, ಜಾಕ್ ಹೇಳಿದ್ದನ್ನೇ ರಸ್ತೆಯೂ ಹೇಳುತ್ತಿದೆ.

ಕಾಗದಪತ್ರ

ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪ ಬದಲಾಗುವಂಥ ಮಾರ್ಪಾಡು ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. 2021ರಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಅಂತ ನೋಂದಾಯಿಸಿ 'ವಿಎ' ಸರಣಿಯ ನಂಬರ್ ಪಡೆಯಬಹುದು, ಆದರೆ ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಟಾಪ್ ಕತ್ತರಿಸಿದ ಸೆಡಾನ್ ಅಲ್ಲಿ ನಿಲ್ಲುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕೂಡ ತಕರಾರಿಗೆ ಬೀಳಬಹುದು. ಹಾಗಾಗಿ ಆರ್‌ಸಿಯಲ್ಲಿ ಬಾಡಿ ಟೈಪ್ ಎದುರು ಏನಿದೆ ಅಂತ ಓದದೆ ಅಡ್ವಾನ್ಸ್ ಕೊಡಬೇಡಿ. ನಾನು ನೋಡಿದ ಫಿಯೆಟ್‌ನ ಆರ್‌ಸಿಯಲ್ಲಿ 'ಸಲೂನ್' ಅಂತಲೇ ಇತ್ತು. ಮಡಚಿ ವಾಪಸ್ ಕೊಟ್ಟು, ಜೇಬಿನ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಬಸ್ ಹತ್ತಿದೆ.