ಹಿತ್ತಲಲ್ಲೊಂದು ಕಲ್ಲುಬೆಂಚು, ಮೇಲೊಂದು ಜಾಜಿ ಚಪ್ಪರ

ಗಿಡ ತರುವ ಮೊದಲು ಕೂರುವ ಜಾಗ ಗೊತ್ತುಮಾಡಿ. ನಾಲ್ಕು ಸಂಜೆ ಹಿತ್ತಲಲ್ಲಿ ಕುರ್ಚಿ ಹಾಕಿ ಕೂತರೆ ಪಡುವಣ ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಎತ್ತಲಿಂದ ಬರುತ್ತದೆ ಅನ್ನೋದು ತಿಳಿಯುತ್ತದೆ. ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನವೆಲ್ಲ ಕಾದ ಚಪ್ಪಡಿ ಸಂಜೆ ಆರಕ್ಕೂ ಸುಡುತ್ತಿರುತ್ತದೆ. ಆದ್ದರಿಂದ ಮೂರು ಗಂಟೆಯಿಂದಲೇ ಅದಕ್ಕೆ ನೆರಳು ಬೇಕು.

ಬೆಂಚಿಗೆ 6 ಅಡಿ ಉದ್ದ, 3 ಇಂಚು ದಪ್ಪದ ಚಪ್ಪಡಿ ಸಾಕು. ಅಗಲ ಮಾತ್ರ 18 ಇಂಚಿಗೆ ಕಡಿಮೆ ಬೇಡ. ಅಷ್ಟಿದ್ದರೆ ಸೊಗಡಿನ ಅವರೆಕಾಯಿ ಬಿಡಿಸುವಾಗ ಮೊರ ಪಕ್ಕದಲ್ಲೇ ಕೂರುತ್ತದೆ. ಎತ್ತರ 16 ಇಂಚು. ಆಧಾರದ ಕಲ್ಲುಗಳನ್ನು ಬರೀ ಮಣ್ಣಿನ ಮೇಲೆ ಇಟ್ಟರೆ ಮೊದಲ ದೊಡ್ಡ ಮಳೆಗೇ ಒಂದು ಕಡೆ ಕುಸಿಯುತ್ತವೆ. ಅರ್ಧ ಅಡಿ ಅಗೆದು, ಜಲ್ಲಿ ತುಂಬಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದ ಮೇಲೆ ಕಲ್ಲಿಡಿ. ಚಪ್ಪಡಿ ಮುಂದಕ್ಕೆ ಒಂದು ಬೆರಳಷ್ಟು ಇಳಿಜಾರಾಗಿರಲಿ, ನೀರು ನಿಲ್ಲದು.

ಚಪ್ಪರಕ್ಕೆ ಈ ಕಡೆಯ ದ್ರಾಕ್ಷಿ ತೋಟಗಳಲ್ಲಿ ನಿಂತಿರುವಂಥ ಕಲ್ಲುಕಂಬವೇ ಒಳ್ಳೆಯದು, ಗೆದ್ದಲಿನ ಭಯವಿಲ್ಲ. 9 ಅಡಿಯ ನಾಲ್ಕು ಕಂಬ, ನಡುವೆ 8 ಅಡಿ ಅಂತರ, ನೆಲದೊಳಗೆ 2 ಅಡಿ. ಗುಂಡಿಗೆ ಮಣ್ಣೊಂದನ್ನೇ ತುಂಬಿದರೆ ತಂತಿ ಬಿಗಿದಾಗ ಕಂಬ ಒಳಕ್ಕೆ ವಾಲುತ್ತದೆ. ಚೂರುಕಲ್ಲು ಹಾಕಿ ಹಾರೆಯಿಂದ ಜಡಿಯಿರಿ. ಮೇಲೆ ಜಿಐ ತಂತಿಯನ್ನು (ಸತು ಲೇಪಿಸಿದ ಕಬ್ಬಿಣದ ತಂತಿ) ಅಡಿಗೊಂದರಂತೆ ಅಡ್ಡಡ್ಡ, ಉದ್ದುದ್ದ ಎಳೆಯಿರಿ.

ಜಾಜಿ ಸಸಿ ಎರಡು ಸಾಕು. ಜೂನ್‌–ಜುಲೈಯಲ್ಲಿ ಪಡುವಣ ಕಂಬಗಳ ಬುಡದಿಂದ ಒಂದು ಅಡಿ ಆಚೆ, ಒಂದೂವರೆ ಅಡಿ ಗುಂಡಿಯಲ್ಲಿ ನೆಡಿ. ಗುಂಡಿಗೆ ಎರಡು ಮಂಕರಿ ಹಳೇ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡವೇ ಬೇಡ, ಗೊಣ್ಣೆಹುಳ ಬಂದು ಬೇರು ತಿನ್ನುತ್ತದೆ. ತಂತಿ ಮುಟ್ಟುವವರೆಗೆ ಒಂದೇ ಕಾಂಡ ಬಿಟ್ಟು ಪಕ್ಕದ ಚಿಗುರು ಚಿವುಟಿ. ಬಳ್ಳಿ ಹಬ್ಬುವ ತನಕ ಬೇಸಿಗೆಯಲ್ಲಿ ಚಪ್ಪರಕ್ಕೆ ತೆಂಗಿನ ಗರಿ ಹೊದಿಸಿ, ಆದರೆ ಸಸಿಯ ನೆತ್ತಿ ಮುಚ್ಚಬೇಡಿ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ಬೋರ್‌ವೆಲ್ಲಿನ ಗಡಸು ನೀರು ದಿನಾ ಚೂರುಚೂರು ಹಾಕಿದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಗೊಬ್ಬರ ಸುರಿದರೆ ಹೋಗದು. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿ, ಹಸಿರು ಮರಳುವವರೆಗೆ ತಿಂಗಳಿಗೊಮ್ಮೆ. ನೀರನ್ನು ಬೇರಿನಾಳಕ್ಕೆ ಇಳಿಯುವಂತೆ ನಾಲ್ಕೈದು ದಿನಕ್ಕೊಮ್ಮೆ ಕೊಡಿ, ಮಳೆಗಾಲದಲ್ಲಿ ಚಾವಣಿ ನೀರನ್ನು ಪಾತಿಗೆ ತಿರುಗಿಸಿ. ಬಚ್ಚಲ ನೀರು ಬಾಳೆಗೆ ಹೋಗಲಿ.

ಚಪ್ಪರದಡಿ ಕನಕಾಂಬರ, ಅರೆನೆರಳಲ್ಲೂ ಹೂಬಿಡುತ್ತದೆ. ಬೆಂಚಿನ ತುದಿಯಲ್ಲಿ, ಬಿಸಿಲು ಬೀಳುವ ಕಡೆ, ಕೈಗೆಟಕುವಂತೆ ಒಂದು ದುಂಡುಮಲ್ಲಿಗೆ. ಡಿಸೆಂಬರಿನಲ್ಲಿ ಅದನ್ನು ಮೊಳದೆತ್ತರಕ್ಕೆ ಕತ್ತರಿಸಿ, ಎಲೆ ಉದುರಿಸಿ, ಗೊಬ್ಬರ ಕೊಡಿ. ಯುಗಾದಿಯ ಹೊತ್ತಿಗೆ ಕೂತಲ್ಲೇ ಮೊಗ್ಗು ಬಿಡಿಸಬಹುದು.